ಅಜ್ಜಿಯ ಮಂಚದ ಕೆಳಗಿನ ಯುಪಿಎಸ್ ಬ್ಯಾಟರಿ: ಯಾಕೆ ಹಾಳಾಯ್ತು, ಮುಂದೇನು?

ಪ್ರಶ್ನೆ: ಸರ್, ನಮ್ಮದು ತೀರ್ಥಹಳ್ಳಿ ಪೇಟೆಯಿಂದ ಹದಿನೆಂಟು ಕಿಲೋಮೀಟರ್ ಒಳಗಿರುವ ಒಂಟಿ ಮನೆ. ಮೂರು ವರ್ಷದ ಹಿಂದೆ 850 ವಿಎ ಯುಪಿಎಸ್ ಮತ್ತು 150 ಎಎಚ್ ಬ್ಯಾಟರಿ ಹಾಕಿಸಿದೆವು. ಮಾಮೂಲಿ ಫ್ಲಾಟ್ ಪ್ಲೇಟಿನದು. ಮೊದಲು ಐದಾರು ಗಂಟೆ ಬರುತ್ತಿತ್ತು. ಈಗ ಇಪ್ಪತ್ತು ನಿಮಿಷಕ್ಕೆ ಕೀಂ ಅಂತ ಕೂಗಿ ನಿಲ್ಲುತ್ತದೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟಿಲ್ಲ. ಬಂದರೂ ಸಂಜೆ ಹೊತ್ತು ವೋಲ್ಟೇಜ್ ಇರುವುದಿಲ್ಲ, ಫ್ಯಾನ್ ತೆವಳುತ್ತದೆ. ಕಂಪ್ಯೂಟರ್ ಇದೆ ಅಂತ ಯುಪಿಎಸ್ ಹಿಂದಿನ ಸ್ವಿಚ್ ‘ಯುಪಿಎಸ್ ಮೋಡ್’ನಲ್ಲಿಟ್ಟಿದ್ದಾರೆ. ಬ್ಯಾಟರಿ ಇರುವುದು ಅಜ್ಜಿ ಮಲಗುವ ಕೋಣೆಯ ಮಂಚದ ಕೆಳಗೆ. ಹದಿನೈದು ದಿನದಿಂದ ಆ ಕೋಣೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ. ಬ್ಯಾಟರಿ ಮುಟ್ಟಿದರೆ ಬಿಸಿ. ಅಜ್ಜಿಗೆ ವಾಸನೆ ಗೊತ್ತೇ ಆಗುತ್ತಿಲ್ಲ. ಪಕ್ಕದ ಮನೆಯವರು ಟ್ರ್ಯಾಕ್ಟರ್ ಬ್ಯಾಟರಿ ಹಾಕಿ ಸಾಕು ಅಂತಾರೆ. ಅಂಗಡಿಯವರು ಟ್ಯೂಬುಲರ್ ಅಂತಾರೆ. ಬೆಂಗಳೂರಲ್ಲಿರುವ ತಮ್ಮ ಲಿಥಿಯಂ ಅಂತಾನೆ. ನೆಲದ ಮೇಲಿಟ್ಟಿದ್ದಕ್ಕೇ ಚಾರ್ಜ್ ಇಳಿದುಹೋಗಿದೆ ಅಂತ ನಮ್ಮ ಮಾವ ಹೇಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೇಡಂ, ಉಳಿದ ಮಾತೆಲ್ಲ ಆಮೇಲೆ. ಇದನ್ನು ಓದಿದ ಕೂಡಲೇ ಅಜ್ಜಿಯನ್ನು ಆ ಕೋಣೆಯಿಂದ ಹೊರಗೆ ಕರೆತನ್ನಿ. ಕಿಟಕಿ ಬಾಗಿಲು ಪೂರ್ತಿ ತೆರೆಯಿರಿ. ಕೋಣೆಯೊಳಗೆ ದೀಪ, ಸೊಳ್ಳೆಬತ್ತಿ ಏನೂ ಹಚ್ಚಬೇಡಿ. ಅಲ್ಲಿನ ಸ್ವಿಚ್ಚನ್ನೂ ಒತ್ತಬೇಡಿ. ಅರ್ಧ ಗಂಟೆ ಗಾಳಿಯಾಡಲಿ. ಆಮೇಲೆ ಮೀಟರ್ ಬೋರ್ಡಿನ ಹತ್ತಿರ ಮೇನ್ ಆಫ್ ಮಾಡಿ, ಯುಪಿಎಸ್ಸನ್ನೂ ಆಫ್ ಮಾಡಿ, ಕೆಲಸ ಗೊತ್ತಿರುವವರನ್ನು ಕರೆಸಿ ಬ್ಯಾಟರಿಯ ವೈರ್ ಬಿಚ್ಚಿಸಿ. ಅಜ್ಜಿಗೆ ತಲೆನೋವು, ಕಣ್ಣುರಿ, ತಲೆಸುತ್ತು ಏನಾದರೂ ಇದ್ದರೆ ಡಾಕ್ಟರಿಗೆ ತೋರಿಸಿ, ಬ್ಯಾಟರಿಯ ವಿಷಯವನ್ನೂ ಹೇಳಿ. ಆ ಬ್ಯಾಟರಿಗೆ ಮತ್ತೆ ಚಾರ್ಜ್ ಕೊಡಬೇಡಿ. ಒಂದು ರಾತ್ರಿಗೂ ಬೇಡ.

ಕೊಳೆತ ಮೊಟ್ಟೆಯ ವಾಸನೆ ಅಂದರೆ ಹೈಡ್ರೋಜನ್ ಸಲ್ಫೈಡ್. ಅದು ವಿಷದ ಗಾಳಿ. ಅಜ್ಜಿಗೆ ಗೊತ್ತಾಗುತ್ತಿಲ್ಲ ಅಂದಿದ್ದೀರಿ. ವಯಸ್ಸಾಗಿದ್ದಕ್ಕೆ ಮಾತ್ರ ಹಾಗಾಗಿರಬೇಕಿಲ್ಲ. ಮೂಗು ಈ ವಾಸನೆಗೆ ಬೇಗ ಮರಗಟ್ಟುತ್ತದೆ. ಇಡೀ ದಿನ ಅಲ್ಲೇ ಇರುವವರಿಗಿಂತ ಹೊರಗಿನಿಂದ ಬಂದವರಿಗೇ ಅದು ಮೊದಲು ಗೊತ್ತಾಗುವುದು.

ವಾಸನೆ ಯಾಕೆ ಬಂತು? 12 ವೋಲ್ಟಿನ ಬ್ಯಾಟರಿ ಅಂದರೆ ಒಳಗೆ ಆರು ಸೆಲ್. ಯುಪಿಎಸ್ ಸುಮಾರು 14.4 ವೋಲ್ಟಿನವರೆಗೆ ಏರಿಸಿ ಚಾರ್ಜ್ ಮಾಡುತ್ತದೆ, ಸೆಲ್ಲಿಗೆ 2.4 ವೋಲ್ಟ್ ಬಿದ್ದಂತಾಯಿತು. ಈಗ ಒಂದು ಸೆಲ್ ಒಳಗೇ ಶಾರ್ಟ್ ಆಯಿತು ಅನ್ನಿ. ಯುಪಿಎಸ್ಸಿಗೆ ಅದು ಗೊತ್ತಾಗುವುದಿಲ್ಲ. ಅದೇ 14.4 ವೋಲ್ಟ್ ಉಳಿದ ಐದು ಸೆಲ್ಲಿಗೆ ಹಂಚಿಹೋಗುತ್ತದೆ. ಒಂದೊಂದಕ್ಕೂ 2.88. ಅಷ್ಟು ವೋಲ್ಟೇಜಿಗೆ ಒಳಗಿನ ನೀರು ಕುದಿದಂತೆ ಗುಳ್ಳೆ ಏಳುತ್ತದೆ, ಬ್ಯಾಟರಿ ಬಿಸಿಯಾಗುತ್ತದೆ, ಹೈಡ್ರೋಜನ್ ಹೊರಬರುತ್ತದೆ, ಕೊನೆಗೆ ಈ ವಾಸನೆ. ಹೈಡ್ರೋಜನ್ನಿಗೆ ವಾಸನೆ ಇಲ್ಲ. ಗಾಳಿಯಲ್ಲಿ ಅದು ಶೇ. 4ರಷ್ಟು ಸೇರಿದರೆ ಒಂದು ಕಿಡಿ ಸಾಕು. ನಿಮ್ಮ ಬ್ಯಾಟರಿ ಬಿಸಿಯಿದೆ, ನಾರುತ್ತಿದೆ, ಇಪ್ಪತ್ತು ನಿಮಿಷಕ್ಕೆ ನಿಲ್ಲುತ್ತಿದೆ. ಮೂರೂ ಸೇರಿದರೆ ಒಂದಾದರೂ ಸೆಲ್ ಹೋಗಿದೆ ಅಂತಲೇ ನನ್ನ ಲೆಕ್ಕ.

ಮೆಕ್ಯಾನಿಕ್ ಬಂದಾಗ ಹೈಡ್ರೋಮೀಟರ್ ಹಾಕಿ ನೋಡಲು ಹೇಳಿ. ರಬ್ಬರ್ ಬುರುಡೆ ಇರುವ ಗಾಜಿನ ಕೊಳವೆ ಅದು. ಸೆಲ್ಲಿನ ಮುಚ್ಚಳ ತೆಗೆದು ಆ್ಯಸಿಡ್ ಹೀರಿದರೆ ಒಳಗಿನ ಪುಟ್ಟ ತೇಲುಕಡ್ಡಿ ಮೇಲೆ ಕೆಳಗೆ ಆಡಿ ನಿಲ್ಲುತ್ತದೆ. ಅದರ ಮೇಲಿನ ಅಂಕಿಯೇ ಗ್ರಾವಿಟಿ, ಅಂದರೆ ಆ್ಯಸಿಡ್ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವ ಲೆಕ್ಕ. ಪೂರ್ತಿ ಚಾರ್ಜ್ ಆದ ಟ್ಯೂಬುಲರ್ ಬ್ಯಾಟರಿಯಲ್ಲಿ ಅದು 1.240ರ ಆಸುಪಾಸು ಇರುತ್ತದೆ. ನಮ್ಮವರು ‘ಹನ್ನೆರಡು ನಲವತ್ತು’ ಅನ್ನುತ್ತಾರೆ. ಆರೂ ಸೆಲ್ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಬೇಕು. ಹೋದ ವರ್ಷ ಹೊಸನಗರದ ಕಡೆ ಒಂದು ಮನೆಯಲ್ಲಿ ನಾನು ಹಾಕಿ ನೋಡಿದಾಗ ಐದು ಸೆಲ್ 1.220ರ ಹತ್ತಿರ ಇದ್ದವು. ಮೂರನೆಯದರಲ್ಲಿ ಕಡ್ಡಿ ಮೇಲೇಳಲೇ ಇಲ್ಲ, ತಳಕ್ಕೆ ಕೂತುಬಿಟ್ಟಿತು. ಹೀರಿದ ಆ್ಯಸಿಡ್ ಕಾಫಿ ಡಿಕಾಕ್ಷನ್ ತರಹ ಕಂದಾಗಿತ್ತು. ಪ್ಲೇಟಿನ ಪುಡಿ ಉದುರಿದರೆ ಹಾಗಾಗುತ್ತದೆ. ಆ ಬ್ಯಾಟರಿಯನ್ನು ಯಾರೂ ರಿಪೇರಿ ಮಾಡಿ ಉಳಿಸಲಾರರು.

ಈಗ ನಿಮ್ಮ ಮನಸ್ಸಿನಲ್ಲಿರುವ ದೊಡ್ಡ ಪ್ರಶ್ನೆ: ಮೂರೇ ವರ್ಷಕ್ಕೆ ಯಾಕೆ ಹೋಯಿತು? ಮತ್ತೆ ದುಡ್ಡು ಹಾಕಿದರೆ ಅದೂ ಹೀಗೇ ಹೋಗುತ್ತದಾ?

ಇಪ್ಪತ್ತಾರು ವರ್ಷದಿಂದ ಮಲೆನಾಡಿನ ಮನೆಗಳಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ಬ್ಯಾಟರಿಗಳು ಬಳಸಿ ಬಳಸಿ ಸವೆಯುವುದು ಕಡಿಮೆ. ಅರೆಹೊಟ್ಟೆಯಲ್ಲಿ ಬಿದ್ದು ಸಾಯುವುದೇ ಜಾಸ್ತಿ. ಬ್ಯಾಟರಿ ಇಳಿಯುವಾಗ ಸೀಸದ ಪ್ಲೇಟಿನ ಮೇಲೆ ಸಲ್ಫೇಟ್ ಕೂರುತ್ತದೆ. ಅದು ಮಾಮೂಲಿ, ಬ್ಯಾಟರಿ ಕೆಲಸ ಮಾಡುವುದೇ ಹಾಗೆ. ಬೇಗ ಪೂರ್ತಿ ಚಾರ್ಜ್ ಮಾಡಿದರೆ ಆ ಸಲ್ಫೇಟ್ ಕರಗಿ ವಾಪಸ್ ಆ್ಯಸಿಡ್ಡಿಗೆ ಸೇರುತ್ತದೆ. ಹಾಗೇ ಬಿಟ್ಟರೆ ಹರಳುಗಟ್ಟುತ್ತದೆ. ಹಂಡೆಯ ತಳಕ್ಕೆ ಗಡಸು ನೀರಿನ ಪೊರೆ ಕಟ್ಟುತ್ತದಲ್ಲ, ಹಾಗೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಅದು ಬಿಡುವುದಿಲ್ಲ. ಅಷ್ಟು ಭಾಗ ಪ್ಲೇಟ್ ಸತ್ತಂತೆ.

ನಿಮ್ಮ ಮನೆಯ ಲೆಕ್ಕ ನೋಡಿ. ಎಎಚ್ ಅಂದರೆ ಆಂಪಿಯರ್ ಅವರ್, ಬ್ಯಾಟರಿಯ ಹೊಟ್ಟೆಯ ಅಳತೆ. 150 ಎಎಚ್ ಬ್ಯಾಟರಿ ಪೂರ್ತಿ ಇಳಿದರೆ ಯುಪಿಎಸ್ ಅದಕ್ಕೆ 10ರಿಂದ 15 ಆಂಪಿಯರ್ ಕೊಡುತ್ತದೆ. ಮತ್ತೆ ತುಂಬಲು 12ರಿಂದ 15 ಗಂಟೆ ಬೇಕು. ಅದರಲ್ಲೂ ಕೊನೆಯ ಶೇ. 20 ಬಹಳ ನಿಧಾನ. ಎರಡು ದಿನ ಕತ್ತಲಾಗಿ, ಮೂರು ಗಂಟೆ ಕರೆಂಟ್ ಬಂದು, ಮತ್ತೆ ಹೋದರೆ ಬ್ಯಾಟರಿ ಕಾಲುಹೊಟ್ಟೆಯೂ ತುಂಬಿರುವುದಿಲ್ಲ. ಮಳೆಗಾಲ ಪೂರ್ತಿ ಹೀಗೇ ಕಳೆದರೆ?

ನೀವು ಬರೆದ ಆ ಹಿಂದಿನ ಸ್ವಿಚ್ಚಿನ ಮಾತು ಓದಿ ನನಗೆ ಪೂರ್ತಿ ಅರ್ಥವಾಯಿತು. ಯುಪಿಎಸ್ ಮೋಡಿನಲ್ಲಿ ಹೆಚ್ಚಿನ ಯಂತ್ರಗಳು ಸುಮಾರು 180 ವೋಲ್ಟಿಗಿಂತ ಕಡಿಮೆ ಬಂದರೆ ಕರೆಂಟನ್ನು ಒಳಗೆ ಬಿಡುವುದೇ ಇಲ್ಲ. ಕರೆಂಟ್ ಹೋಗಿದೆ ಅಂತಲೇ ತಿಳಿದು ಬ್ಯಾಟರಿಯಿಂದ ಓಡಿಸುತ್ತವೆ. ಸಂಜೆ ನಿಮ್ಮಲ್ಲಿ 160, 170 ಬಂದರೆ ಏನಾಗುತ್ತದೆ? ಊರಿನಲ್ಲಿ ಕರೆಂಟಿದೆ. ನಿಮ್ಮ ಮನೆಯ ಬ್ಯಾಟರಿ ಮಾತ್ರ ದಿನವೂ ಇಳಿಯುತ್ತಿದೆ. ಆ ಸ್ವಿಚ್ಚನ್ನು ಇನ್ನೊಂದು ಮೋಡಿಗೆ ಹಾಕಿ. ಕೆಲವದರಲ್ಲಿ ‘ಇನ್ವರ್ಟರ್’ ಅಂತ, ಕೆಲವದರಲ್ಲಿ ‘ಎಕೋ’ ಅಥವಾ ‘ನಾರ್ಮಲ್’ ಅಂತ ಇರುತ್ತದೆ. ಅದರಲ್ಲಿ ಹೆಚ್ಚಿನ ಯಂತ್ರಗಳು 100, 110 ವೋಲ್ಟಿನವರೆಗೂ ಕರೆಂಟನ್ನು ಒಳಗೆ ಬಿಡುತ್ತವೆ. ಕರೆಂಟ್ ಹೋದಾಗ ಕಂಪ್ಯೂಟರ್ ಒಮ್ಮೊಮ್ಮೆ ರೀಸ್ಟಾರ್ಟ್ ಆಗಬಹುದು. ಲ್ಯಾಪ್‌ಟಾಪ್ ಆದರೆ ಆ ಚಿಂತೆಯೂ ಇಲ್ಲ.

ಮಾವನವರ ಮಾತಿಗೆ ಬರುತ್ತೇನೆ. ಅವರು ಹೇಳಿದ್ದು ಸುಮ್ನೆ ಹುಟ್ಟಿದ ಮಾತಲ್ಲ. ಹಿಂದೆ ಬ್ಯಾಟರಿಯ ಹೊರಪೆಟ್ಟಿಗೆ ಮರದ್ದು, ಗಟ್ಟಿ ರಬ್ಬರಿನದು ಇರುತ್ತಿತ್ತು. ಒದ್ದೆ ನೆಲದಲ್ಲಿಟ್ಟರೆ ಕರೆಂಟ್ ಸ್ವಲ್ಪ ಸ್ವಲ್ಪ ಸೋರುತ್ತಿತ್ತು. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಅದಾಗುವುದಿಲ್ಲ. ಆದರೂ ಟ್ರಾಲಿಯ ಮೇಲಿಡಿ. ಆ್ಯಸಿಡ್ ಸೋರಿದರೆ ಕಣ್ಣಿಗೆ ಬೀಳುತ್ತದೆ, ರೆಡ್ ಆಕ್ಸೈಡ್ ನೆಲವೂ ಉಳಿಯುತ್ತದೆ.

ಇನ್ನೊಂದು ಮಾತು ಎಲ್ಲ ಕಡೆ ಕೇಳುತ್ತೇನೆ, ತಿಂಗಳಿಗೊಮ್ಮೆ ಬ್ಯಾಟರಿಯನ್ನು ಪೂರ್ತಿ ಇಳಿಸಬೇಕು ಅಂತ. ಅದು ನಿಕಲ್ ಕ್ಯಾಡ್ಮಿಯಂ ಸೆಲ್ಲಿನ ಕಾಲದ ಬುದ್ಧಿ. ಸೀಸದ ಬ್ಯಾಟರಿಗೆ ಅದು ಕೆಡುಕು. ಕರೆಂಟೇ ಹೋಗದ ಊರಿನಲ್ಲಿ ತಿಂಗಳಿಗೊಮ್ಮೆ ಒಂದೆರಡು ಗಂಟೆ ಓಡಿಸಿ ಮತ್ತೆ ತುಂಬಿಸುವುದು ಒಳ್ಳೆಯದೇ. ತಳಕ್ಕೆ ಇಳಿದು ಕೂತ ಆ್ಯಸಿಡ್ ಕಲಸಿದಂತಾಗುತ್ತದೆ. ನಿಮಗೆ ಅದರ ಅಗತ್ಯವೇ ಇಲ್ಲ, ಅಲ್ವಾ?

ಟ್ರ್ಯಾಕ್ಟರ್ ಬ್ಯಾಟರಿ ಬೇಡ. ಪಕ್ಕದ ಮನೆಯವರ ಮೇಲೆ ನಂಬಿಕೆ ಇಲ್ಲದೆ ಹೇಳುತ್ತಿಲ್ಲ. ಅದರ ಹುಟ್ಟೇ ಬೇರೆ. ಇಂಜಿನ್ ಸ್ಟಾರ್ಟ್ ಮಾಡಲು ಕೆಲವೇ ಸೆಕೆಂಡ್ ನೂರಾರು ಆಂಪಿಯರ್ ಬೇಕು. ಅದಕ್ಕಾಗಿ ಒಳಗೆ ತೆಳುವಾದ ಪ್ಲೇಟುಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ. ಒಂದು ಸ್ಟಾರ್ಟಿಗೆ ಅದು ಇಳಿಯುವುದೇ ಒಂದೆರಡು ಪರ್ಸೆಂಟ್, ಕೂಡಲೇ ಇಂಜಿನ್ ಅದನ್ನು ತುಂಬಿಸಿಬಿಡುತ್ತದೆ. ಅದನ್ನೇ ದಿನಾ ಅರ್ಧದವರೆಗೆ ಇಳಿಸಿದರೆ ತೆಳು ಪ್ಲೇಟಿನ ಲೇಪ ಉದುರಲು ಶುರುವಾಗುತ್ತದೆ. ಒಂದು ಮಳೆಗಾಲ ದಾಟಿದರೆ ಹೆಚ್ಚು.

ದಿನವೂ ಆಳಕ್ಕೆ ಇಳಿದು ಮತ್ತೆ ತುಂಬಲು ಮಾಡಿದ ಬ್ಯಾಟರಿಯೇ ಡೀಪ್ ಸೈಕಲ್. ಮನೆಗಳಿಗೆ ಬರುವುದರಲ್ಲಿ ಟ್ಯೂಬುಲರ್ ಆ ಜಾತಿಯದು. ಅದರ ಪಾಸಿಟಿವ್ ಪ್ಲೇಟ್ ನಿಮ್ಮ ಈಗಿನ ಫ್ಲಾಟ್ ಪ್ಲೇಟಿನ ಹಾಗೆ ಹಾಳೆಯ ತರಹ ಇರುವುದಿಲ್ಲ. ಸಾಲಾಗಿ ನಿಲ್ಲಿಸಿದ ಸೀಸದ ಕಡ್ಡಿಗಳು, ಪ್ರತಿ ಕಡ್ಡಿಯ ಸುತ್ತ ಸೀಸದ ಪುಡಿ, ಆ ಪುಡಿ ಉದುರದಂತೆ ಹೊರಗೆ ಪಾಲಿಯೆಸ್ಟರ್ ಚೀಲ. ಆ ಚೀಲವೇ ಅದರ ಆಯಸ್ಸು. ಉದ್ದನೆಯ ಟಾಲ್ ಟ್ಯೂಬುಲರ್ ತಗೊಂಡರೆ ಪ್ಲೇಟಿನ ಮೇಲೆ ನೀರು ನಿಲ್ಲಲು ಜಾಗ ಜಾಸ್ತಿ, ಪದೇ ಪದೇ ನೀರು ಹಾಕುವುದು ತಪ್ಪುತ್ತದೆ. ಸರಿಯಾಗಿ ನೋಡಿಕೊಂಡರೆ ಐದು ವರ್ಷ ಬರುತ್ತದೆ. ಏಳು ವರ್ಷ ಬಂದದ್ದನ್ನೂ ನೋಡಿದ್ದೇನೆ.

ಸೀಲ್ ಮಾಡಿದ ಎಸ್‌ಎಂಎಫ್ ಬ್ಯಾಟರಿಗೆ ನೀರು ಹಾಕುವ ಕೆಲಸವಿಲ್ಲ, ಗ್ಯಾಸೂ ಕಡಿಮೆ. ಅಪಾರ್ಟ್‌ಮೆಂಟಿಗೆ ಅದು ಸರಿ. ಆದರೆ ಬಿಸಿಗೂ, ಪದೇ ಪದೇ ಆಳಕ್ಕೆ ಇಳಿಯುವುದಕ್ಕೂ ಅದು ಬೇಗ ಸೋಲುತ್ತದೆ. ನಿಮಗೆ ಹೊಂದುವುದಿಲ್ಲ.

ನಿಮ್ಮ ತಮ್ಮನ ಮಾತನ್ನು ತಳ್ಳಿಹಾಕಲಾರೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಅರೆಹೊಟ್ಟೆಯ ತೊಂದರೆಯೇ ಇಲ್ಲ. ಅರ್ಧ ತುಂಬಿಟ್ಟರೂ ಕೆಡುವುದಿಲ್ಲ. ಬೇಗ ತುಂಬುತ್ತದೆ, ಹಗುರ, ಮಾಮೂಲಿ ಬಳಕೆಯಲ್ಲಿ ಗ್ಯಾಸ್ ಇಲ್ಲ. ಹಾಗಿದ್ದರೂ ನಿಮಗೆ ಈಗಲೇ ಅದನ್ನು ಹೇಳದಿರಲು ಎರಡು ಕಾರಣ ಇವೆ. ಹಳೆಯ ಯುಪಿಎಸ್ಸಿಗೆ ಅದನ್ನು ಹಾಗೇ ಸಿಕ್ಕಿಸುವಂತಿಲ್ಲ. ಲಿಥಿಯಮ್ಮಿಗೆ ಹೊಂದುವ ಚಾರ್ಜಿಂಗ್ ಇರಬೇಕು, ಅಂದರೆ ಯುಪಿಎಸ್ಸೂ ಹೊಸದಾಗಬೇಕು. ಎರಡನೆಯದು ಸಿಡಿಲು. ಲಿಥಿಯಂ ಬ್ಯಾಟರಿಯೊಳಗೆ ಕಾವಲಿಗೆ ಒಂದು ಎಲೆಕ್ಟ್ರಾನಿಕ್ ಸರ್ಕೀಟ್ ಇರುತ್ತದೆ. ಅದು ಕೆಟ್ಟರೆ ಹಳ್ಳಿಯಲ್ಲಿ ರಿಪೇರಿ ಮಾಡುವವರಿಲ್ಲ. ಯುಪಿಎಸ್ ಹೇಗೂ ಬದಲಿಸುವ ದಿನ ಬಂದಾಗ, ಶಿವಮೊಗ್ಗದಲ್ಲಿ ಸರ್ವಿಸ್ ಕೊಡುವವರು ಸಿಕ್ಕಿದರೆ, ಆಗ ಲಿಥಿಯಂ ತಗೊಳ್ಳಿ. ಇವತ್ತಿಗೆ 150 ಎಎಚ್ ಟಾಲ್ ಟ್ಯೂಬುಲರ್ ಸಾಕು.

ಕೊಳ್ಳುವಾಗ ಎರಡು ಮೂರು ವಿಷಯ ನೋಡಿ. ‘150 ಎಎಚ್’ ಅಂತ ಬರೆದ ಪಕ್ಕ ಸಿ20 ಇದೆಯೋ ಸಿ10 ಇದೆಯೋ ಕೇಳಿ. ಸಿ20 ಅಂದರೆ 20 ಗಂಟೆಯಲ್ಲಿ ನಿಧಾನ ಇಳಿಸಿದರೆ 150, ಅಂದರೆ 20 ಗಂಟೆಯೂ ಏಳೂವರೆ ಆಂಪಿಯರ್. ಸಿ10 ಅಂದರೆ 10 ಗಂಟೆಯಲ್ಲೇ 150 ಕೊಡುತ್ತದೆ. ಎರಡರಲ್ಲೂ ಅಂಕಿ ಒಂದೇ ಇದ್ದರೂ ಸಿ10ರದ್ದು ನಿಜಕ್ಕೂ ದೊಡ್ಡ ಬ್ಯಾಟರಿ. ತೂಕ ಕೇಳಿ. ಸೀಸಕ್ಕೇ ದುಡ್ಡು, ಅದೇ ಅಂಕಿಯ ಎರಡು ಬ್ಯಾಟರಿಯಲ್ಲಿ ಒಂದು ಏಳೆಂಟು ಕಿಲೋ ಹಗುರವಿದ್ದರೆ ಯಾಕೆ ಅಂತ ಕೇಳಲೇಬೇಕು. ವಾರಂಟಿ ‘36+24’ ಅಂತ ಇದ್ದರೆ ಮೊದಲ 36 ತಿಂಗಳು ಮಾತ್ರ ಪುಕ್ಕಟೆ ಬದಲಿ. ಉಳಿದ 24 ತಿಂಗಳು ಬರೀ ರಿಯಾಯಿತಿ. ಅಂಗಡಿಯಲ್ಲಿ ತುಂಬಾ ತಿಂಗಳು ಕೂತ ಬ್ಯಾಟರಿ ಬೇಡ. ಅದೂ ಅಲ್ಲೇ ಹಸಿದುಕೊಂಡು ಕೂತಿರುತ್ತದೆ. ತಯಾರಾದ ತಿಂಗಳನ್ನು ಓದಿಸಿ ಬಿಲ್ಲಿನಲ್ಲಿ ಬರೆಸಿ.

ಎಷ್ಟು ಹೊತ್ತು ಬರುತ್ತದೆ ಅಂತ ನೀವೇ ಲೆಕ್ಕ ಹಾಕಬಹುದು. 150 ಎಎಚ್‌ಗೆ 12 ವೋಲ್ಟ್ ಗುಣಿಸಿದರೆ 1800 ವಾಟ್ ಅವರ್. ಬ್ಯಾಟರಿಯನ್ನು ಅರ್ಧಕ್ಕಿಂತ ತುಸು ಕೆಳಗೆ ಮಾತ್ರ ಇಳಿಸಿದರೆ ಸಿಗುವುದು ಸುಮಾರು 1000. ಯುಪಿಎಸ್ ತನಗಾಗಿ ತಿನ್ನುವುದು ಕಳೆದರೆ ಕೈಗೆ 800. ಎರಡು ಹಳೇ ಫ್ಯಾನ್ 150 ವಾಟ್, ಆರು ಎಲ್‌ಇಡಿ ಬಲ್ಬ್ 54, ಟಿವಿ ಮತ್ತು ಮೋಡೆಮ್ 70, ಎಲ್ಲ ಸೇರಿ 274. ಮೂರು ಗಂಟೆಗೆ ಮುಗಿಯಿತು. ಅಜ್ಜಿಯ ಕೋಣೆಗೆ ಒಂದು ಬಿಎಲ್‌ಡಿಸಿ ಫ್ಯಾನ್, ಅಂದರೆ ಕಡಿಮೆ ಕರೆಂಟ್ ತಿನ್ನುವ ಹೊಸ ತರಹದ ಮೋಟಾರಿನ ಫ್ಯಾನ್ ಹಾಕಿಸಿ, ಅದು 30 ವಾಟ್. ಜೊತೆಗೆ ನಾಲ್ಕು ಬಲ್ಬ್, ಮೋಡೆಮ್. ಒಟ್ಟು 76. ಅದೇ ಬ್ಯಾಟರಿ ಹತ್ತು ಗಂಟೆ ಬರುತ್ತದೆ. ಎರಡನೇ ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಫ್ಯಾನ್ ಬದಲಿಸಿ. ಮಿಕ್ಸಿ, ಐರನ್ ಬಾಕ್ಸ್, ಫ್ರಿಜ್ ಇದಕ್ಕೆ ಬೇಡ.

ಎರಡು ದಿನ ಕರೆಂಟ್ ಬಾರದಿದ್ದರೆ? ಮೊದಲ ಸಲ ಕೀಂ ಅಂದ ಕೂಡಲೇ ಯುಪಿಎಸ್ಸನ್ನು ಕೈಯಾರೆ ಆಫ್ ಮಾಡಿ. ಆಫ್ ಆಗಿ ಮತ್ತೆ ಆನ್ ಮಾಡಿ ಹಿಂಡುತ್ತಾರಲ್ಲ, ಅದೇ ಅದರ ಜೀವ ತೆಗೆಯುವುದು. ಸೋಲಾರ್ ಪ್ಯಾನಲ್ ಬೇಸಿಗೆಯಲ್ಲಿ ಚೆನ್ನ, ಆಷಾಢದ ಮೋಡದಲ್ಲಿ ಅದನ್ನೇ ನಂಬಿ ಕೂರಲು ಆಗದು. ಅಡಿಕೆ ತೋಟಕ್ಕೆ ಅಂತ ಸಣ್ಣ ಜನರೇಟರ್ ಇದ್ದರೆ ಯುಪಿಎಸ್ಸಿನ ಪ್ಲಗ್ಗನ್ನು ಅದಕ್ಕೇ ಚುಚ್ಚಿ ಐದಾರು ಗಂಟೆ ಚಾರ್ಜ್ ಮಾಡಿ. ಜನರೇಟರ್ ಅಂಗಳದಲ್ಲಿರಲಿ. ಜಗುಲಿಯಲ್ಲೂ ಬೇಡ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಮತ್ತು ದಯವಿಟ್ಟು ಅದರ ವೈರನ್ನು ಗೋಡೆಯ ಪ್ಲಗ್ಗಿಗೆ ಉಲ್ಟಾ ಕೊಟ್ಟು ಇಡೀ ಮನೆಗೆ ಕರೆಂಟ್ ಹರಿಸಬೇಡಿ. ಆ ಕರೆಂಟ್ ಕಂಬಕ್ಕೂ ಹೋಗುತ್ತದೆ. ಮಳೆಯಲ್ಲಿ ನಿಮಗಾಗಿಯೇ ಕಂಬ ಹತ್ತಿದ ಮೆಸ್ಕಾಂ ಲೈನ್‌ಮನ್ ಪ್ರಾಣ ಹೋಗುತ್ತದೆ.

ಹೊಸ ಬ್ಯಾಟರಿ ಎಲ್ಲಿಡಬೇಕು? ಮಂಚದ ಕೆಳಗೆ ಖಂಡಿತ ಅಲ್ಲ. ದೇವರ ಕೋಣೆ, ಅಡುಗೆ ಮನೆ ಬೇಡ, ಎರಡೂ ಕಡೆ ಬೆಂಕಿ ಇದೆ. ಹೈಡ್ರೋಜನ್ ಗಾಳಿಗಿಂತ ಹಗುರ, ಮೇಲಕ್ಕೆ ಹೋಗುತ್ತದೆ. ಹಂಚಿನ ಸಂದಿಯಿಂದ ಅದು ತಾನಾಗಿ ಹೊರಗೆ ಹೋಗುತ್ತದೆ. ಮರದ ಮುಚ್ಚಿಗೆ ಇರುವ ಕೋಣೆಯಲ್ಲಿ ಹೋಗಲು ದಾರಿಯಿಲ್ಲ. ಜಗುಲಿಯ ಮೂಲೆ ಒಳ್ಳೆಯದು. ಬಿಸಿಲು, ಇರಚಲು ಬೀಳದಿರಲಿ, ಮಗು ಮುಟ್ಟದಿರಲಿ. ಬ್ಯಾಟರಿ ಹತ್ತು ಡಿಗ್ರಿ ಜಾಸ್ತಿ ಬಿಸಿಯಲ್ಲಿದ್ದರೆ ಆಯಸ್ಸು ಸುಮಾರು ಅರ್ಧಕ್ಕೆ ಬರುತ್ತದೆ, ಹಾಗಾಗಿ ಬಚ್ಚಲ ಒಲೆಯ ಗೋಡೆಗೆ ತಾಗಿಸಬೇಡಿ. ಯುಪಿಎಸ್ಸನ್ನು ಬ್ಯಾಟರಿಯ ಮೇಲೆ ಇಡದೆ ಪಕ್ಕದಲ್ಲಿಡಿ, ವೈರ್ ಗಿಡ್ಡ, ದಪ್ಪ ಇರಲಿ.

ನನ್ನ ಎಡಗೈ ಮಣಿಕಟ್ಟಿನಲ್ಲಿ ಕಪ್ಪು ಪಟ್ಟಿಯೊಂದಿದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷದ್ದು. ಸ್ಟೀಲ್ ಚೈನಿನ ವಾಚ್ ಕಟ್ಟಿಕೊಂಡು ಟರ್ಮಿನಲ್ ಬಿಗಿ ಮಾಡುತ್ತಿದ್ದೆ. ಸ್ಪ್ಯಾನರ್ ಒಂದು ಕಡೆ, ಚೈನ್ ಇನ್ನೊಂದು ಕಡೆ ತಾಗಿತು. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಶಾಕ್ ಹೊಡೆಯಲೂ ಇಲ್ಲ. ಚೈನ್ ಕೆಂಪಗೆ ಕಾದು ಚರ್ಮಕ್ಕೆ ಅಂಟಿಕೊಂಡಿತು. ನಿಮ್ಮ ಮನೆಯಲ್ಲಿ ಯಾರೇ ಬ್ಯಾಟರಿ ಮುಟ್ಟಲಿ, ಬಳೆ, ಉಂಗುರ, ವಾಚ್ ತೆಗೆದಿಡಲಿ. ಸ್ಪ್ಯಾನರ್ ಹಿಡಿಗೆ ಟೇಪ್ ಸುತ್ತಿರಲಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಅದು ಕೊನೆಗೆ. ಬ್ಯಾಟರಿಗೂ ಯುಪಿಎಸ್ಸಿಗೂ ನಡುವೆ ಒಂದು ಡಿಸಿ ಫ್ಯೂಸ್ ಹಾಕಿಸಿ. ತುಂಬಿದ ಟಾಲ್ ಟ್ಯೂಬುಲರ್ 50 ಕಿಲೋ ದಾಟುತ್ತದೆ, ಒಬ್ಬರೇ ಎತ್ತಬೇಡಿ, ಓರೆ ಮಾಡಬೇಡಿ.

ನೀರಿನ ವಿಷಯ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಬೇಡ. ಬಾವಿ ನೀರು ಕುದಿಸಿ ಸೋಸಿ ಹಾಕಿದೆವು ಅನ್ನುವವರು ಸಿಗುತ್ತಾರೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಕಬ್ಬಿಣದ ಅಂಶ, ಕ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವು ಇನ್ನೂ ಗಟ್ಟಿಯಾಗುತ್ತವೆ. ಆರ್‌ಒ ನೀರಿನಲ್ಲೂ ಲವಣ ಉಳಿದಿರುತ್ತದೆ. ಆ್ಯಸಿಡ್ಡನ್ನಂತೂ ಹಾಕಲೇಬಾರದು. ಇಲ್ಲಿ ಒಂದು ಎಚ್ಚರ: ನಮ್ಮ ಕಡೆ ಡಿಸ್ಟಿಲ್ಡ್ ವಾಟರಿಗೂ ‘ಬ್ಯಾಟರಿ ನೀರು’ ಅಂತಾರೆ, ಕೆಲವು ಗ್ಯಾರೇಜುಗಳಲ್ಲಿ ಆ್ಯಸಿಡ್ಡಿಗೂ ಹಾಗೇ ಅಂತಾರೆ. ಎರಡೂ ಬಣ್ಣವಿಲ್ಲದ ನೀರಿನಂತೆಯೇ ಕಾಣುತ್ತವೆ. ಸೀಲ್ ಇರುವ ಕ್ಯಾನ್ ಮಾತ್ರ ತಗೊಳ್ಳಿ, ಕುಡಿಯುವ ನೀರಿನ ಬಾಟಲಿಗೆ ಎಂದೂ ಸುರಿದಿಡಬೇಡಿ.

ಎರಡು ತಿಂಗಳಿಗೊಮ್ಮೆ ಬ್ಯಾಟರಿಯ ಮೇಲೆ ನೀರಿನ ಮಟ್ಟ ತೋರಿಸುವ ತೇಲುಕಡ್ಡಿಗಳನ್ನು ನೋಡಿ. ಕೆಂಪು ಗೆರೆಗೆ ಇಳಿದಿದ್ದರೆ ಪೂರ್ತಿ ಚಾರ್ಜ್ ಆದ ಮೇಲೆ ಹಸಿರಿನವರೆಗೆ ಹಾಕಿ. ಮೊದಲೇ ತುಂಬಿದರೆ ಚಾರ್ಜ್ ಆಗುವಾಗ ಉಕ್ಕಿ ಆ್ಯಸಿಡ್ ಹೊರಗೆ ಬರುತ್ತದೆ. ಕನ್ನಡಕ, ರಬ್ಬರ್ ಗ್ಲೌಸ್ ಇರಲಿ. ಕೈಗೆ ತಾಗಿದರೆ ಧಾರಾಳ ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಸಿಡಿದರೆ ರೆಪ್ಪೆ ತೆರೆದು ಹಿಡಿದು ಹದಿನೈದು ಇಪ್ಪತ್ತು ನಿಮಿಷ ನೀರು ಬಿಡಿ, ಆಮೇಲೆ ನೇರ ಆಸ್ಪತ್ರೆಗೆ. ನೆಲಕ್ಕೆ ಚೆಲ್ಲಿದರೆ ಅಡಿಗೆ ಸೋಡಾ ಹಾಕಿ, ಗುಳ್ಳೆ ನಿಂತ ಮೇಲೆ ತೊಳೆಯಿರಿ. ಟರ್ಮಿನಲ್ ಮೇಲೆ ಬಿಳಿ, ಹಸಿರು ಬೂದಿ ಕಟ್ಟಿದರೂ ಯುಪಿಎಸ್ ಆಫ್ ಮಾಡಿ, ವೈರ್ ಬಿಚ್ಚಿ, ಸೋಡಾ ನೀರಿನಲ್ಲಿ ಒರೆಸಿ. ಮುಚ್ಚಳ ಗಟ್ಟಿ ಇರಲಿ, ಸೋಡಾ ಒಳಗೆ ಹೋಗಬಾರದು. ಒಣಗಿದ ಮೇಲೆ ಬಿಗಿ ಮಾಡಿ ಸ್ವಲ್ಪ ವ್ಯಾಸಲಿನ್ ಸವರಿ.

ಹಳೆಯ ಬ್ಯಾಟರಿಯನ್ನು ಹೊಸದು ಕೊಡುವ ಅಂಗಡಿಗೇ ವಾಪಸ್ ಕೊಡಿ. ಅದರ ಬೆಲೆ ಬಿಲ್ಲಿನಲ್ಲಿ ಕಳೆಯುತ್ತಾರೆ. ಅದನ್ನು ವಾಪಸ್ ಪಡೆದು ಸರಿಯಾಗಿ ರೀಸೈಕಲ್ ಮಾಡಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳು ತಯಾರಕರ ಮೇಲೆ ಹಾಕಿವೆ. ಮನೆ ಬಾಗಿಲಿಗೆ ಬರುವ ಗುಜರಿಯವರು ನೂರಿನ್ನೂರು ಜಾಸ್ತಿ ಕೊಡಬಹುದು. ಅಲ್ಲಿಂದ ಅದು ಎಲ್ಲೋ ಒಂದು ಶೆಡ್ಡಿನಲ್ಲಿ ಕೊಡಲಿಯೇಟು ತಿಂದು, ಆ್ಯಸಿಡ್ ಮೋರಿಗೆ, ಸೀಸ ಒಲೆಗೆ ಹೋಗುತ್ತದೆ. ಆ ಹೊಗೆಯ ಸೀಸ ಮಕ್ಕಳ ಮಿದುಳಿಗೆ ಹೊಡೆಯುತ್ತದೆ. ಇಷ್ಟರವರೆಗೆ ಅಪಾಯವಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆ ಇನ್ನೂರು ರೂಪಾಯಿ ನಮಗೆ ಬೇಡ ಮೇಡಂ.

ಹೊಸ ಬ್ಯಾಟರಿ ಕೂರಿಸಿದ ದಿನ ಅದನ್ನು ಪೂರ್ತಿ ಚಾರ್ಜ್ ಮಾಡಿಸಿ, ಆರೂ ಸೆಲ್ಲಿನ ಗ್ರಾವಿಟಿ ಓದಿಸಿ, ವಾರಂಟಿ ಕಾರ್ಡಿನ ಹಿಂದೆ ಬರೆಸಿಕೊಳ್ಳಿ. ಒಂದು ವಾರ ಸಂಜೆ ಏಳು ಗಂಟೆಗೆ ನಿಮ್ಮ ಮನೆಯ ವೋಲ್ಟೇಜ್ ಎಷ್ಟಿರುತ್ತದೆ ಅಂತಲೂ ಗುರುತು ಹಾಕಿ ನನಗೆ ಬರೆಯಿರಿ. ಅದು 150ಕ್ಕಿಂತ ಕೆಳಗೆ ಹೋಗುತ್ತಿದ್ದರೆ ಮೋಡ್ ಬದಲಿಸಿದ್ದು ಸಾಲದೆ ಇರಬಹುದು. ಆಗ ಯುಪಿಎಸ್ಸಿನ ಮುಂದೆ ಎಂತಹ ಸ್ಟೆಬಿಲೈಜರ್ ಹಾಕಬೇಕು ಅಂತ ನೋಡಿ ಹೇಳುತ್ತೇನೆ.